ಬೀಗರ ಮನೆಯ ಕೋಳಿ

ಕೋಳಿಗೂ ಸೀನು ಬರುತ್ತದೆ ಎಂಬುದು ನನಗೆ ಮದುವೆಯಾಗುವ ತನಕ ತಿಳಿದಿರಲಿಲ್ಲ. ಕೋಳಿಗಳ ನಡುವೆಯೇ ಬೆಳೆದವಳು ಹೀಗೆ ಹೇಳಿದರೆ ನೀವು ನಗಬಹುದು. ಚಾಮರಾಜನಗರದ ಕಡೆಯ ನಮ್ಮ ಹಳ್ಳಿಯಲ್ಲಿ ಅವ್ವ ಸಾಕಿದ ಕೋಳಿಗಳು ಹಿತ್ತಲಲ್ಲಿ, ಜಗಲಿಯ ಮೇಲೆ, ಒಮ್ಮೊಮ್ಮೆ ನನ್ನ ಪುಸ್ತಕದ ಚೀಲದ ಮೇಲೂ ಓಡಾಡಿಕೊಂಡಿದ್ದವು. ಆದರೆ ನನಗೂ ಅವಕ್ಕೂ ಇದ್ದ ಸಂಬಂಧ ಮೊಟ್ಟೆಯಲ್ಲಿ ಶುರುವಾಗಿ ಸಾರಿನಲ್ಲಿ ಮುಗಿಯುತ್ತಿತ್ತು. ನಡುವಿನ ಆಯುಷ್ಯವನ್ನು ಅವು ಹೇಗೆ ಕಳೆಯುತ್ತವೆ, ಅವಕ್ಕೆ ನೆಗಡಿಯಾಗುತ್ತದೆಯೇ, ಬೇಸರವಾಗುತ್ತದೆಯೇ ಎಂದು ನಾನು ವಿಚಾರಿಸಿದವಳಲ್ಲ. ಅವನ್ನೆಲ್ಲ ವಿಚಾರಿಸಿಕೊಳ್ಳಲು ಅವ್ವ ಇದ್ದಳು.

ಎಂಬತ್ತರ ದಶಕದ ಆರಂಭದಲ್ಲಿ ನನ್ನನ್ನು ಪಲ್ಲಡಂ ಹತ್ತಿರದ ಒಂದು ಒಕ್ಕಲು ಮನೆಗೆ ಕೊಟ್ಟರು. ತಮಿಳುನಾಡು ಎಂದು ಗೆಳತಿಯರೆಲ್ಲ ಮರುಗಿದರು. ನಾನೂ ಸ್ವಲ್ಪ ಅತ್ತೆ. ಹೋಗಿ ನೋಡಿದರೆ ಮನೆಯವರೆಲ್ಲ ಕನ್ನಡವನ್ನೇ ಆಡುತ್ತಿದ್ದರು. ನಮ್ಮ ಕನ್ನಡದ ಹಾಗೆ ನೆಟ್ಟಗೆ ನಡೆಯುವ ಕನ್ನಡವಲ್ಲ ಅದು. ತಮಿಳಿನ ರಾಗದಲ್ಲಿ ತೂಗಿಕೊಂಡು ಬರುವ ಕನ್ನಡ. ನೀವು ಇಲ್ಲಿಗೆ ಬಂದದ್ದು ಯಾವಾಗ ಎಂದು ಅತ್ತೆಯನ್ನು ಕೇಳಿದರೆ, "ರೊಂಬ ಮುಂಚೆ ಅಮ್ಮಿಣಿ" ಎಂದರು, ಬಹಳ ಹಿಂದೆ ಎಂದು, ತಾವೇ ಗಾಡಿ ಇಳಿದವರ ಹಾಗೆ. ಎಷ್ಟು ತಲೆಮಾರು ಕಳೆದಿತ್ತೋ ಅವರಿಗೂ ಗೊತ್ತಿರಲಿಲ್ಲ. ಅಂದಹಾಗೆ ಅಮ್ಮಿಣಿ ಎಂದರೆ ಆ ಕಡೆ ಮನೆಯ ಹೆಣ್ಣುಮಗಳನ್ನು ಅಕ್ಕರೆಯಿಂದ ಕರೆಯುವ ಮಾತು. ಇಡೀ ಮನೆಯಲ್ಲಿ ಕನ್ನಡ ಅಕ್ಷರ ಬಲ್ಲವಳು ಮಾತ್ರ ನಾನೊಬ್ಬಳೇ. ಉಳಿದವರು ಬಾಯಲ್ಲಿ ಕನ್ನಡ, ಕಣ್ಣಲ್ಲಿ ತಮಿಳು. ಹಾಗಾಗಿ ನಾನಿಲ್ಲಿ ಏನು ಬರೆದರೂ ಮನೆಯವರಾರೂ ಓದಲಾರರು ಎಂಬ ಧೈರ್ಯದಿಂದಲೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ನನ್ನ ಅತ್ತೆ ರಂಗಮ್ಮ ಎತ್ತರದ ಹೆಂಗಸು. ಗಂಡ ತೀರಿಕೊಂಡ ಮೇಲೆ ಹೊಲ, ಬಾವಿ, ಎಮ್ಮೆ ಎಲ್ಲವನ್ನೂ ಮಗನಿಗೆ ಒಪ್ಪಿಸಿ, ಕೋಳಿಗಳನ್ನು ಮಾತ್ರ ತಮ್ಮ ಹತ್ತಿರವೇ ಇಟ್ಟುಕೊಂಡಿದ್ದರು. ಹಿತ್ತಲ ಮೂಲೆಯಲ್ಲಿ ಮಣ್ಣಿನ ಗೋಡೆಯ ಗೂಡು, ಅದಕ್ಕೆ ತೆಂಗಿನ ಗರಿಯ ಮಾಡು. ಅದರೊಳಗಿನ ಸಂಸಾರಕ್ಕೆ ಕರುಪ್ಪಿ ಎಂಬ ಕಪ್ಪು ಹೇಂಟೆಯೇ ಯಜಮಾನಿ. ವಯಸ್ಸಾಗಿ ಮೊಟ್ಟೆ ಇಡುವುದನ್ನು ಕಡಿಮೆ ಮಾಡಿದ್ದರೂ ಕಾವು ಕೂರುವುದರಲ್ಲಿ ಅದನ್ನು ಮೀರಿಸಿದ್ದು ಊರಲ್ಲಿ ಇರಲಿಲ್ಲ. ಪಕ್ಕದ ಮನೆಯ ಮೊಟ್ಟೆಗಳನ್ನೂ ತಂದು ಅದರ ಹೊಟ್ಟೆಯ ಕೆಳಗೆ ಇಡುತ್ತಿದ್ದರು. ಅದು ಯಾರದೆಂದು ಕೇಳದೆ ಮರಿ ಮಾಡಿ ಕೊಡುತ್ತಿತ್ತು. ಮಧ್ಯಾಹ್ನ ಅತ್ತೆ ರುಬ್ಬಲು ಕೂತರೆ ಕರುಪ್ಪಿ ಬಂದು ಒರಳಿನ ಪಕ್ಕ ನೆರಳಲ್ಲಿ ಕೂರುವುದು. ಇಬ್ಬರೂ ಮಾತಾಡಿಕೊಳ್ಳುತ್ತಿದ್ದರು ಎಂದರೆ ನಂಬುವುದು ಬಿಡುವುದು ನಿಮಗೆ ಸೇರಿದ್ದು. ಅತ್ತೆ ಒಂದು ಮಾತು ಹೇಳಿದರೆ ಅದು "ಕ್ಕೊ" ಎನ್ನುತ್ತಿತ್ತು, ಅದೂ ಸರಿಯಾಗಿ ಮಾತು ಮುಗಿದ ಮೇಲೆ. ಹೊಸ ಸೊಸೆಯಾದ ನಾನು ಅಷ್ಟು ಅಂದವಾಗಿ ಉತ್ತರ ಕೊಡುವುದನ್ನು ಕಲಿಯಲು ವರ್ಷಗಳೇ ಬೇಕಾದವು.

ಮೊದಲ ದೀಪಾವಳಿಗೆ ನಾನೂ ನನ್ನ ಯಜಮಾನರೂ ನಮ್ಮೂರಿಗೆ ಹೋದೆವು. ಹೊರಡುವ ದಿನ ಅವ್ವ ಅಳಿಯನಿಗೆ ಪಂಚೆ, ಮಗಳಿಗೆ ಸೀರೆ ಕೊಟ್ಟು, ಬೀಗಿತ್ತಿಗೆ ಎಂದು ಬಿದಿರು ಬುಟ್ಟಿಯಲ್ಲಿ ಎರಡು ಹೇಂಟೆಗಳನ್ನು ಕೊಟ್ಟಳು. ಬೂದು ಮೈಯ ಮೇಲೆ ಬಿಳಿ ಚುಕ್ಕೆ ಎರಚಿದಂಥ ಚೆಲುವಾದ ಕೋಳಿಗಳು. ನನ್ನ ಮದುವೆಗೆ ಬಂದಾಗ ಇಬ್ಬರು ಬೀಗಿತ್ತಿಯರು ಚಪ್ಪರದ ಹಿಂದೆ ಕೂತು ಅರ್ಧ ದಿನ ಕೋಳಿಯ ಮಾತನ್ನೇ ಆಡಿದ್ದರಂತೆ. ಒಬ್ಬರ ಮಾತು ಇನ್ನೊಬ್ಬರಿಗೆ ಮುಕ್ಕಾಲು ಪಾಲು ಅರ್ಥವಾಗದಿದ್ದರೂ ಕೋಳಿಯ ವಿಷಯ ಪೂರ್ತಿ ಅರ್ಥವಾಗಿತ್ತು. ಜಾತಕ ನೋಡಿದ ಜೋಯಿಸರು ಸುಮ್ಮನೆ ನಮ್ಮ ಗಂಡ-ಹೆಂಡಿರದನ್ನು ನೋಡಿದರು. ನಿಜವಾಗಿ ಕೂಡಿಬಂದದ್ದು ಅತ್ತೆಯದೂ ಅವ್ವನದೂ.

ಹಾಸನೂರು ದಾಟಿ, ದಿಂಬಂ ಘಾಟಿ ಇಳಿದು, ಸತ್ಯಮಂಗಲದಲ್ಲಿ ಬಸ್ಸು ಬದಲಿಸಿ, ತಿರುಪ್ಪೂರಲ್ಲಿ ಮತ್ತೆ ಬದಲಿಸಿ ಪಲ್ಲಡಂ ಸೇರಬೇಕು. ಅಷ್ಟು ದೂರವೂ ಬುಟ್ಟಿ ನನ್ನ ತೊಡೆಯ ಮೇಲಿತ್ತು. ಘಾಟಿಯ ಒಂದೊಂದು ತಿರುವಿಗೂ ಬುಟ್ಟಿಯೊಳಗಿಂದ ಒಂದೊಂದು ನಿಟ್ಟುಸಿರು. ಆಗ ನನಗೆ ಅವು ದಣಿದಿವೆ ಎನಿಸಿತೇ ಹೊರತು ಬೇರೇನೂ ತೋಚಲಿಲ್ಲ. ನಾನೇ ಕಿಟಕಿಯ ಹೊರಗೆ ತಲೆ ಹಾಕಿಕೊಂಡು ಬಂದವಳು. ಕೋಳಿಯ ಆರೋಗ್ಯ ನೋಡುವ ಸ್ಥಿತಿಯಲ್ಲಿ ಇರಲಿಲ್ಲ.

ಮನೆ ಮುಟ್ಟಿದಾಗ ಸಂಜೆಯಾಗಿತ್ತು. ಅತ್ತೆ ಬುಟ್ಟಿಯ ಮುಚ್ಚಳ ತೆಗೆದು ನೋಡಿದ ಆ ಮುಖವನ್ನು ನಾನು ಮರೆತಿಲ್ಲ. ನನ್ನನ್ನು ಮನೆ ತುಂಬಿಸಿಕೊಂಡಾಗಲೂ ಅವರು ಅಷ್ಟು ಹಿಗ್ಗಿರಲಿಲ್ಲ ಎಂದು ಈಗಲೂ ಯಜಮಾನರನ್ನು ರೇಗಿಸುತ್ತೇನೆ. ಅಷ್ಟರಲ್ಲಿ ಯಜಮಾನರು ಒಂದು ಮಾತು ಹೇಳಿದರು. ಆಗ ಪಲ್ಲಡಂ ಸುತ್ತಮುತ್ತ ಕೋಳಿ ಫಾರಂಗಳು ಏಳುತ್ತಿದ್ದ ಕಾಲ. ಆ ಕಡೆಯ ಬಾಯಲ್ಲಿ ಅದು ಪಣ್ಣೆ. ಇವರ ಸ್ನೇಹಿತರೊಬ್ಬರು ಉದ್ದನೆಯ ಶೆಡ್ಡು ಕಟ್ಟಿಸಿ ಬಿಳಿ ಕೋಳಿ ಸಾಕಿದ್ದರು. ಅದರ ಬಾಗಿಲಲ್ಲಿ ಔಷಧದ ನೀರಿನ ತೊಟ್ಟಿ. ಅದರಲ್ಲಿ ಕಾಲದ್ದದೆ ಯಾರೂ ಒಳಗೆ ಹೋಗುವಂತಿಲ್ಲ. ಒಮ್ಮೆ ಅವರ ಸ್ವಂತ ಮಾವನೇ ಬಂದು ಹೊರಗೆ ನಿಂತು ಮಾತಾಡಿಸಿಕೊಂಡು ಹೋಗಿದ್ದರಂತೆ.

"ಅಮ್ಮಾ, ಹೊಸ ಕೋಳಿನ ಸೊಲ್ಪ ದಿವ್ಸ ತನಿಯಾ ಇಡು. ಪಣ್ಣೇಲಿ ಹಂಗೇ ಮಾಡ್ತಾರೆ. ಸೀಕು ಇದ್ರೆ ಅಷ್ಟರಲ್ಲಿ ಗೊತ್ತಾಗುತ್ತೆ" ಎಂದರು ಇವರು.

ತನಿಯಾ ಎಂದರೆ ಬೇರೆಯಾಗಿ. ಆ ಪದ ಕೇಳಿ ಅತ್ತೆಯ ಮುಖ ಸಪ್ಪಗಾಯಿತು. ನನ್ನ ಕಡೆ ಒಮ್ಮೆ ನೋಡಿ ಮಗನಿಗೆ ಹೇಳಿದರು: "ಅದು ಪಣ್ಣೆ ಕೋಳಿ. ಇದು ಸಂಬಂದಿ ಮನೆ ಕೋಳಿ. ಮೊದಲ ದೀವಳಿಗೆಗೆ ಬಂದದ್ದನ್ನ ಬುಟ್ಟಿ ಕೆಳಗೆ ಅಡಚಿಟ್ರೆ ಈ ಅಮ್ಮಿಣಿ ಮನ್ಸು ಏನಾಗುತ್ತೆ? ನಾಳೆ ಇವಳನ್ನೂ ತನಿಯಾ ಇಡು ಅಂತಿಯಾ?"

ಸಂಬಂದಿ ಎಂದರೆ ಆ ಕಡೆ ಬೀಗರು. ಇವರು ಕೈಕಾಲು ತೊಳೆಯಲು ಹೋದರು. ನನಗಂತೂ ಕಣ್ಣು ತುಂಬಿ ಬಂತು. ಬಂದು ಆರು ತಿಂಗಳಾಗದ ಸೊಸೆಯ ತವರಿನ ಕೋಳಿಗೆ ಇಷ್ಟು ಮರ್ಯಾದೆ ಕೊಡುವ ಮನೆ ಸಿಕ್ಕಿತಲ್ಲ ಎಂದು ಒಳಗೊಳಗೇ ಉಬ್ಬಿದೆ.

ಹೊಸ ಕೋಳಿಯನ್ನು ಒಳಗೆ ಕರೆದುಕೊಳ್ಳಲು ಆ ಮನೆಯಲ್ಲೊಂದು ಶಾಸ್ತ್ರವಿತ್ತು. ಅದರ ಕಾಲನ್ನು ಅರಿಶಿನದ ನೀರಿನಲ್ಲಿ ತೊಳೆದು, ಎದೆಗವಚಿಕೊಂಡು ಒರಳು ಕಲ್ಲನ್ನು ಮೂರು ಸುತ್ತು ಬರಬೇಕು. ಹಾಗೆ ಮಾಡಿದರೆ ಕೋಳಿ ಹಳೆಯ ಮನೆ ಮರೆತು ಇಲ್ಲೇ ನಿಲ್ಲುತ್ತದೆ. ಆಮೇಲೆ ಒಂದು ಮಣ್ಣಿನ ಬೋಗುಣಿಯಲ್ಲಿ ನೀರಿಟ್ಟು, ಮೊದಲು ಹೊಸ ಕೋಳಿಗೆ ಕುಡಿಸಿ, ಉಳಿದದ್ದನ್ನು ಮನೆಯ ಕೋಳಿಗಳಿಗೆ ಕುಡಿಸಬೇಕು. "ಒಂದು ನೀರು ಕುಡಿದವು ಕುತ್ತಾಡಲ್ಲ" ಎನ್ನುತ್ತಿದ್ದರು ಅತ್ತೆ, ಒಂದನ್ನೊಂದು ಕುಕ್ಕಿ ಕಾದಾಡುವುದಿಲ್ಲ ಎಂದು. ಮದುವೆಯಾದ ದಿನ ನನಗೂ ಹಾಗೆಯೇ ಮಾಡಿದ್ದರು. ಒಂದು ಲೋಟ ಹಾಲಿನಲ್ಲಿ ಮೊದಲು ನಾನು ಕುಡಿದು ಉಳಿದದ್ದನ್ನು ಅವರು ಕುಡಿದರು. ನಾವಿಬ್ಬರೂ ಮುಂದೆ ಜಗಳವಾಡಲೇ ಇಲ್ಲ ಎಂದೇನೂ ಹೇಳಲಾರೆ. ಆದರೆ ಜಗಳ ರಾತ್ರಿ ದಾಟಿ ಬೆಳಗಿನ ತನಕ ಉಳಿದದ್ದಿಲ್ಲ.

ಕರುಪ್ಪಿಯನ್ನು ಕರೆದರು. ಅದು ಗಂಭೀರವಾಗಿ ಬಂದು, ಹೊಸಬರು ಕೊಕ್ಕು ಅದ್ದಿದ ನೀರಿಗೆ ತಾನೂ ಕೊಕ್ಕು ಅದ್ದಿ, ತಲೆಯೆತ್ತಿ ನುಂಗಿತು. ಹಿರಿಯಳು ಕುಡಿದ ಮೇಲೆ ಉಳಿದವೂ ಸಾಲಾಗಿ ಬಂದು ಕುಡಿದವು. ಅತ್ತೆ ಗೂಡಿನ ಬಾಗಿಲು ಹಾಕಿ, ಎಲ್ಲ ಒಳಗೆ ಗುಸುಗುಸು ಎನ್ನುವುದನ್ನು ಕಿವಿಗೊಟ್ಟು ಕೇಳಿ ನಗುತ್ತಾ ಒಳಗೆ ಬಂದರು.

ಈಗ ಯೋಚಿಸಿದರೆ ಆಶ್ಚರ್ಯವಾಗುತ್ತದೆ. ಮನೆಗೆ ಬಂದವರಿಗೆ ಕಾಲಿಗೆ ನೀರು ಕೊಡುವುದು ನಮ್ಮಲ್ಲಿ ಎಷ್ಟು ಹಳೆಯ ಪದ್ಧತಿ. ದೂರದಿಂದ ಬಂದವರ ಪಾದದಲ್ಲಿ ಏನೇನು ಅಂಟಿಕೊಂಡು ಬಂದೀತು ಎಂಬ ಶಂಕೆಯಿಂದಲೇ ಹಿರಿಯರು ಅದನ್ನು ಮಾಡಿರಬೇಕು. ಆದರೆ ಶಂಕೆ ಎಂದು ಹೇಳಿದರೆ ನೆಂಟರು ಮುನಿಸಿಕೊಳ್ಳುತ್ತಾರೆ. ಉಪಚಾರ ಎಂದರೆ ಕಾಲು ಮುಂದೆ ಮಾಡುತ್ತಾರೆ. ಪಣ್ಣೆಯ ಬಾಗಿಲಿನ ತೊಟ್ಟಿ ಮಾಡುವುದೂ ಆ ಕೆಲಸವನ್ನೇ, ಸ್ವಲ್ಪ ಒರಟಾಗಿ. ನಮ್ಮ ಅರಿಶಿನದ ನೀರಿನ ತನಕ ಹಿರಿಯರ ಲೆಕ್ಕಾಚಾರ ಸರಿಯಾಗಿಯೇ ಇತ್ತು ಅನಿಸುತ್ತದೆ. ಬೋಗುಣಿಯ ಹತ್ತಿರ ಬಂದಾಗ ಮಾತ್ರ ಉಪಚಾರದ ಕೈ ಮೇಲಾಗಿಬಿಟ್ಟಿತು. ಹಾಗಂತ ಅತ್ತೆಯನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ಕೋಳಿಯ ಕೊಕ್ಕಿಗಿಂತ ಸೊಸೆಯ ಮನಸ್ಸು ನಾಜೂಕು ಎಂದು ತಿಳಿದವರು ಅವರು.

ಕೆಲವೇ ದಿನಗಳಲ್ಲಿ ಸೀನು ಕೇಳಿಸಿತು. ನಾನು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಯಾರೋ ಸಣ್ಣ ಮಗು ಸೀನಿದಂತಾಗಿ ತಿರುಗಿ ನೋಡಿದರೆ ಚುಕ್ಕೆ ಕೋಳಿಗಳಲ್ಲೊಂದು ಕುತ್ತಿಗೆ ಚಾಚಿ, ಕೊಕ್ಕು ತೆರೆದು, ಇನ್ನೊಮ್ಮೆ ಸೀನಿತು. ನನಗೆ ನಗು ಬಂತು. ಒಳಗೆ ಹೋಗಿ, "ಅತ್ತೆ, ಕೋಳಿ ಸೀನುತ್ತೆ ನೋಡಿ" ಎಂದೆ. ಅತ್ತೆ ನಗಲಿಲ್ಲ. ಹೊರಗೆ ಬಂದು ಅದನ್ನು ಎತ್ತಿಕೊಂಡು, ರೆಕ್ಕೆಯ ಕೆಳಗೆ ಕೈಯಿಟ್ಟು ನೋಡಿ, "ಘಾಟಿ ಗಾಳಿ ಅಮ್ಮಿಣಿ, ಶರಿಯಾಗುತ್ತೆ" ಎಂದರು. ಅವರಿಗೆ ಆಗಲೇ ಗೊತ್ತಾಗಿತ್ತು ಎಂದು ನನ್ನ ನಂಬಿಕೆ. ಆಗಲೂ ಅದನ್ನು ಬೇರೆ ಮಾಡಲಿಲ್ಲ. ನನ್ನೆದುರಿಗೆ ಹೇಗೆ ಮಾಡಿಯಾರು?

ಮರುದಿನ ಅದು ಗರಿ ಕೆದರಿಕೊಂಡು ಮೂಲೆ ಹಿಡಿಯಿತು. ಬೆಳ್ಳಗೆ, ಹಸಿರಾಗಿ ಭೇದಿ. ಅದರ ಹಿಂದೆ ಇನ್ನೊಂದು ಚುಕ್ಕೆಯದು. ನಮ್ಮ ಕಡೆ ಇದಕ್ಕೆ ಕೊಕ್ಕರೆ ರೋಗ ಎನ್ನುತ್ತಾರೆ. ಅಲ್ಲಿಯ ಹೆಸರು ವೆಳ್ಳೈ ಕಳಿಚ್ಚಲ್. ಎರಡು ಹೆಸರಿದ್ದರೂ ಬರುವ ರೀತಿ ಒಂದೇ. ಯಜಮಾನರು ಸೈಕಲ್ಲು ಹತ್ತಿ ಪಲ್ಲಡಂಗೆ ಹೋಗಿ ದನದ ಆಸ್ಪತ್ರೆಯ ಡಾಕ್ಟರನ್ನು ಕಂಡು ಬಂದರು. ರೋಗ ಬರುವ ಮೊದಲು ಚುಚ್ಚುವ ಲಸಿಕೆ ಉಂಟಂತೆ, ಬಂದ ಮೇಲೆ ಕೊಡುವ ಔಷಧ ಇಲ್ಲವಂತೆ. ಆರೋಗ್ಯವಾಗಿರುವುದನ್ನು ದೂರ ಇಡಿ, ಸತ್ತದ್ದನ್ನು ಸುಣ್ಣ ಹಾಕಿ ಆಳವಾಗಿ ಹೂಳಿ ಎಂದು ಹೇಳಿ ಕಳಿಸಿದ್ದರು. ಅಷ್ಟರಲ್ಲಿ ಆರೋಗ್ಯವಾಗಿರುವುದು ಯಾವುದು ಎಂದು ಹುಡುಕುವಂತಾಗಿತ್ತು.

ಕೋಳಿ ಕೇಳಿ ಖಾರ ಅರೆಯುತ್ತಾರೆಯೇ ಎಂಬ ಗಾದೆ ನಮ್ಮಲ್ಲುಂಟು. ಅತ್ತೆ ಆ ವಾರವೆಲ್ಲ ಕೋಳಿಗಾಗಿಯೇ ಅರೆದರು. ನೆಲನೆಲ್ಲಿ ಸೊಪ್ಪು, ಸಣ್ಣ ಈರುಳ್ಳಿ, ಜೀರಿಗೆ, ಮೆಣಸು, ಅರಿಶಿನ ಸೇರಿಸಿ ಅರೆದು, ಗುಳಿಗೆಯ ಹಾಗೆ ಉಂಡೆ ಮಾಡಿ, ಒಂದೊಂದರ ಕೊಕ್ಕು ತೆರೆದು ನುಂಗಿಸಿದರು. ಮನೆಯವರ ಸಾರಿಗೆ ಹುಣಸೆ ಕಿವುಚುವ ವ್ಯವಧಾನವೂ ಇಲ್ಲದೆ ನಾವು ಮಜ್ಜಿಗೆ ಅನ್ನ ಉಂಡೆವು. ಮೊದಲು ತವರಿನ ಎರಡು ಹೋದವು. ಊರಲ್ಲಿ ಸೀಕಿನ ಕೋಳಿ ಸಾಯುವ ಮುಂಚೆ ಕೊಯ್ದು ತಿಂದು ಮುಗಿಸುವವರೇ ಹೆಚ್ಚು. ಅತ್ತೆ ಅವನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಬಾವಿಯ ಆಚೆಗಿನ ತೆಂಗಿನ ಬುಡದಲ್ಲಿ ಹೂಳಿಸಿದರು. "ಸಂಬಂದಿ ಮನೇದು, ಬೀದೀಲಿ ಎಸೆಯಕ್ಕಾಗುತ್ತಾ" ಎಂದರು. ಆಮೇಲೆ ಮನೆಯವು ಹೋಗಲಾರಂಭಿಸಿದವು. ಕತ್ತು ತಿರುಚಿಕೊಂಡು, ಕಾಲೆಳೆದುಕೊಂಡು ಒಂದೊಂದಾಗಿ ಬಿದ್ದವು. ಬೆಳಿಗ್ಗೆ ಗೂಡಿನ ಬಾಗಿಲು ತೆಗೆಯುವುದಕ್ಕೇ ನನಗೆ ಭಯವಾಗುತ್ತಿತ್ತು.

ಕರುಪ್ಪಿ ಕೊನೆಯ ತನಕ ಉಳಿದಿತ್ತು. ಅದಕ್ಕೇನೂ ಆಗುವುದಿಲ್ಲ ಎಂದು ನಾವೆಲ್ಲ ಹೇಳಿಕೊಳ್ಳುತ್ತಿದ್ದಾಗಲೇ ಒಂದು ಮಧ್ಯಾಹ್ನ ಅದು ಒರಳಿನ ಹತ್ತಿರ ಬರಲಿಲ್ಲ. ಅತ್ತೆಯೇ ಹೋಗಿ ಎತ್ತಿಕೊಂಡು ಬಂದು ಮಡಿಲಲ್ಲಿಟ್ಟುಕೊಂಡು ಕೂತರು. ಏನೋ ಹೇಳುತ್ತಿದ್ದರು. ಅದು ಉತ್ತರ ಕೊಡಲಿಲ್ಲ. ಸಂಜೆ ದೀಪ ಹಚ್ಚಲು ನಾನು ಹೋದಾಗ ಅತ್ತೆಯ ಕೈ ಇನ್ನೂ ಅದರ ಬೆನ್ನು ಸವರುತ್ತಿತ್ತು, ಕೋಳಿಯಲ್ಲಿ ಜೀವ ಮಾತ್ರ ಇರಲಿಲ್ಲ. ನಾನು ಪಕ್ಕದಲ್ಲಿ ಕೂತು ಅತ್ತುಬಿಟ್ಟೆ. ಅವರು ಅಳಲಿಲ್ಲ. ತಾವು ಅತ್ತರೆ ನನಗೆ ಚುಚ್ಚೀತು ಎಂದು ತಡೆದುಕೊಂಡರೆಂದು ನನಗೆ ತಿಳಿಯಿತು, ತಿಳಿದು ಇನ್ನಷ್ಟು ಸಂಕಟವಾಯಿತು.

ನನಗೆ ಬೇರೊಂದು ಹೆದರಿಕೆಯೂ ಇತ್ತು. ಹೊಸ ಸೊಸೆ ಬಂದ ವರ್ಷವೇ ಗೂಡು ಬರಿದಾದರೆ ಊರು ಸುಮ್ಮನಿರುತ್ತದೆಯೇ? ಕಾಲ್ಗುಣ ಎಂಬ ಮಾತಿಗೆ ಗಡಿ ಗಿಡಿ ಏನೂ ಇಲ್ಲ, ಘಾಟಿಯ ಮೇಲೂ ಕೆಳಗೂ ಒಂದೇ ಚಲಾವಣೆ. ನೀರು ಸೇದುವ ಜಾಗದಲ್ಲಿ ಒಬ್ಬಿಬ್ಬರು ನನ್ನ ಪಾದ ನೋಡಿದ್ದನ್ನು ನಾನು ಕಂಡೆ. ಅತ್ತೆಯೂ ಕಂಡಿರಬೇಕು. ಅಂದಿನಿಂದ ಸಿಕ್ಕಸಿಕ್ಕವರಿಗೆಲ್ಲ ತಾವಾಗಿಯೇ ಹೇಳಲು ಶುರುಮಾಡಿದರು: ಪಣ್ಣೆ ಕಡೆಯಿಂದ ಗಾಳಿ ಬೀಸಿತು, ಆ ಗಾಳಿಯಲ್ಲಿ ಸೀಕು ಬಂತು, ನಮ್ಮ ಸಂಬಂದಿ ಕೊಟ್ಟ ಚೆಂದದ ಎರಡು ಕೋಳಿಯನ್ನೂ ಹೊತ್ತುಕೊಂಡು ಹೋಯಿತು ಎಂದು. ಪಾಪ, ಆ ಪಣ್ಣೆಯಲ್ಲಿ ಒಂದು ಕೋಳಿಯೂ ಕೆಮ್ಮಿರಲಿಲ್ಲ. ನಮ್ಮ ಯಜಮಾನರು ಸ್ನೇಹಿತರ ಮುಖ ನೋಡಲಾಗದೆ ಕೆಲವು ಕಾಲ ಬೇರೆ ದಾರಿಯಲ್ಲಿ ಓಡಾಡಿದರು.

ಸಂಕ್ರಾಂತಿ ಕಳೆದು ಕೆಲವು ದಿನಕ್ಕೆ ಅವ್ವ ಮಗಳ ಮನೆ ನೋಡಲು ಬರುತ್ತಾಳೆ ಎಂಬ ಸುದ್ದಿ ಬಂತು. ನನಗೆ ಸಂತೋಷ, ಅತ್ತೆಗೆ ದಿಗಿಲು. "ಬಂದ ಕೂಡ್ಲೇ ಕೋಳಿ ಎಲ್ಲಿ ಅಂತಾರೆ ನಿಮ್ಮವ್ವ. ಸತ್ತೋಯ್ತು ಅಂತ ಹೆಂಗ್ ಹೇಳದು ಅಮ್ಮಿಣಿ? ಕೊಟ್ಟವರ ಮನ್ಸು ನೊಂದೋಗುತ್ತೆ" ಎಂದು ಎರಡು ದಿನ ಒಳಗೂ ಹೊರಗೂ ಓಡಾಡಿದರು. ಮೂರನೆಯ ದಿನ ಬೇಲಿಯಾಚೆಯ ಪಾಪಾತ್ತಿಯ ಮನೆಗೆ ಹೋಗಿ ವಿಷಯ ತಿಳಿಸಿದರು. ಪಾಪಾತ್ತಿ ತಮಿಳರವಳು, ಬಾಯಿ ತುಂಬ ಎಲೆಯಡಿಕೆ, ಅದಕ್ಕಿಂತ ದೊಡ್ಡ ಮನಸ್ಸು. ಅವಳಲ್ಲಿ ಬೂದು ಚುಕ್ಕೆಯ ಎರಡು ಹೇಂಟೆಗಳಿದ್ದವು. ಆ ಸೀಕು ಅವಳ ಬೇಲಿ ದಾಟದೆ ಉಳಿದಿದ್ದೇ ಒಂದು ಪುಣ್ಯ. "ಅದುಕ್ಕೆನ್ನಂಗ ಅಕ್ಕಾ, ಎಡುತ್ತುಟ್ಟು ಪೋಂಗ" ಎಂದಳು. ಅದಕ್ಕೇನಂತೆ, ತೆಗೆದುಕೊಂಡು ಹೋಗಿ ಎಂದು. ಮಗುವಿಗೆ ಹಾಲು, ಒಲೆಗೆ ಕೆಂಡ ಎರವಲು ತರುವುದನ್ನು ಕಂಡಿದ್ದೆ. ಬೀಗಿತ್ತಿಗೆ ತೋರಿಸಲು ಕೋಳಿ ಎರವಲು ತಂದದ್ದನ್ನು ಆ ದಿನವೇ ಕಂಡದ್ದು.

ಅವ್ವ ಬಂದಳು. ಕಾಲಿಗೆ ನೀರು ಕೊಟ್ಟೆವು. ಕಾಫಿ ಮುಗಿಯುವ ಮೊದಲೇ ಹಿತ್ತಲಿಗೆ ಹೊರಟಳು, ಸೆರಗಿನ ಗಂಟಿನಲ್ಲಿ ಊರಿಂದ ತಂದ ಒಂದು ಹಿಡಿ ರಾಗಿ. ಪಾಪಾತ್ತಿಯ ಕೋಳಿಗಳು ಬಿಟ್ಟರೆ ಬೇಲಿ ಹಾರಿ ತಮ್ಮ ಮನೆಗೆ ಹೋಗಿಬಿಡುತ್ತಿದ್ದವಾದ್ದರಿಂದ ಅತ್ತೆ ಅವುಗಳ ಕಾಲಿಗೆ ದಾರ ಕಟ್ಟಿ ನುಗ್ಗೆ ಮರಕ್ಕೆ ಬಿಗಿದಿದ್ದರು.

"ಬೀಗ್ರೆ, ಇವ್ಕೆ ಯಾಕೆ ದಾರ ಕಟ್ಟಿದ್ದರಿ?" ಎಂದು ಅವ್ವ ಕೇಳಿದಳು.

"ಇನ್ನೂ ಪಳಗಿಲ್ಲ ಸಂಬಂದಿ. ಜಾಗ ಹೊಸದಲ್ವಾ" ಎಂದರು ಅತ್ತೆ. ದೀಪಾವಳಿ ಕಳೆದು ಸಂಕ್ರಾಂತಿಯೂ ಮುಗಿದಿತ್ತು.

ಅವ್ವ ಆ ಕೋಳಿಗಳನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, "ನಮ್ಮನೆ ಕೋಳಿಗೆ ವಸಿ ಮೊಂಡು ಜಾಸ್ತಿ ಕನಿ ಬೀಗ್ರೆ. ಚೆಂದಾಗಿ ನೋಡ್ಕಂಡಿದ್ದರಿ, ಮೈ ತುಂಬ್ಕಂಡವೆ" ಎಂದು ಕುಕ್ಕರುಗಾಲಲ್ಲಿ ಕೂತು ರಾಗಿ ಚೆಲ್ಲಿದಳು. ಅದೇ ಹೊತ್ತಿಗೆ ಬೇಲಿಯಾಚೆ ಪಾಪಾತ್ತಿ ಎಲ್ಲವನ್ನೂ ಮರೆತು ತನ್ನ ಕೋಳಿಗಳನ್ನು "ಬ್ಬಾ ಬ್ಬಾ" ಎಂದು ಕರೆದಳು. ನಮ್ಮ ಎರಡೂ ರಾಗಿ ಬಿಟ್ಟು, ದಾರ ಎಳೆದುಕೊಂಡು, ಬೇಲಿಯ ಕಡೆ ಕತ್ತು ಚಾಚಿ ನಿಂತವು. ಅತ್ತೆ ಜೋರಾಗಿ ಕೆಮ್ಮಿದರು. ಅವ್ವ ನುಗ್ಗೆ ಮರದ ತುದಿ ನೋಡುತ್ತಾ, ಈ ಸಲ ಹೂ ಚೆನ್ನಾಗಿ ಬಿಟ್ಟಿದೆ ಎಂದಳು. ನಾನು ನಗು ತಡೆಯಲು ಒಳಗೆ ಓಡಿದೆ.

ಎರಡು ದಿನ ಇದ್ದು ಅವ್ವ ಹೊರಟಳು. ಪಲ್ಲಡಂ ಬಸ್ ಸ್ಟ್ಯಾಂಡಿನಲ್ಲಿ ನಾವಿಬ್ಬರೇ ಇದ್ದೆವು.

"ಕೂಸೆ, ಅವು ನಮ್ಮ ಕೋಳಿ ಅಲ್ಲ" ಎಂದಳು.

ನಾನು ಅವಳ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದೆ.

"ಸತ್ತೋದ್ವಾ?"

"ಹೂಂ ಅವ್ವ. ಅತ್ತೆಯವೂ ಎಲ್ಲ ಹೋದವು. ಒಂದೂ ಉಳಿಯಲಿಲ್ಲ."

ಅವ್ವ ಸೆರಗಿನಿಂದ ಬಾಯಿ ಒತ್ತಿಕೊಂಡಳು. "ನಮ್ಮಟ್ಟೀಲೂ ಹಂಗೇ ಆಯ್ತು. ನೀವು ಹೋದ ವಾರದಲ್ಲೇ ಕಾಣಿಸ್ಕತು. ಗೂಡು ಬರ್ದಾಗೋಯ್ತು" ಎಂದಳು.

"ಒಂದು ಮಾತು ಹೇಳಿ ಕಳಿಸಬಾರದಿತ್ತಾ ಅವ್ವ?"

"ಸೀಕು ಕೋಳಿ ಕೊಟ್ಟೀನಿ ಅಂತ ಬೀಗರ ಮನೆಗೆ ಯಾವ ಬಾಯಲ್ಲಿ ಹೇಳ್ಕಳಿಸ್ಲಿ? ನಿನ್ನ ಏನಂದಾರೋ ಅಂತ ಭಯ ಆಯ್ತು" ಎಂದು ಕಣ್ಣೊರೆಸಿಕೊಂಡಳು. ಬಸ್ಸು ಬಂದಾಗ ನನ್ನ ಕೈ ಹಿಡಿದು, "ನಂಗೆ ಗೊತ್ತಾಯ್ತು ಅಂತ ನಿಮ್ಮತ್ತೆಗೆ ಹೇಳ್ಬ್ಯಾಡ ಕನವ್ವ. ಅಷ್ಟು ಕಷ್ಟಪಟ್ಟು ಕೋಳಿ ತಂದು ಕಟ್ಟವ್ರೆ. ಪಾಪ, ನೊಂದ್ಕತಾರೆ" ಎಂದಳು.

ಮನೆಗೆ ಬಂದ ಕೂಡಲೇ ಅತ್ತೆ ಬಾಗಿಲಲ್ಲೇ ಕೇಳಿದರು: "ನಿಮ್ಮವ್ವನಿಗೆ ಸಂದೇಗ ಬಂತಾ ಅಮ್ಮಿಣಿ?" ಇಲ್ಲ ಎಂದೆ. ಅತ್ತೆ ನೆಮ್ಮದಿಯ ಉಸಿರು ಬಿಟ್ಟು ಕೋಳಿಗಳ ಕಾಲಿನ ದಾರ ಬಿಚ್ಚಿದರು. ಅವು ಒಂದೇ ನೆಗೆತಕ್ಕೆ ಬೇಲಿ ದಾಟಿದವು.

ಅವ್ವನ ಮಾತು ಆ ವಾರವೇ ಬಂದಿದ್ದರೆ ಅತ್ತೆಯ ಗೂಡು ಉಳಿಯುತ್ತಿತ್ತೇ? ಬೋಗುಣಿಯ ನೀರು ಅಷ್ಟರಲ್ಲಿ ಒಳಗೆ ಹೋಗಿ ಆಗಿತ್ತು. ಬಹುಶಃ ಉಳಿಯುತ್ತಿರಲಿಲ್ಲ. ಆದರೂ ಮರಿಗಳನ್ನಾದರೂ ಬೇರೆ ಕಡೆಗೆ ಸಾಗಿಸಬಹುದಿತ್ತೇನೋ, ಕರುಪ್ಪಿಯನ್ನು ಹೊಲದ ಗುಡಿಸಲಲ್ಲಿ ಇಡಬಹುದಿತ್ತೇನೋ. ಇಂಥ ಏನೋಗಳಿಗೆ ಕೊನೆಯೇ ಇಲ್ಲ. ನಡುವೆ ಸಿಕ್ಕಿಬಿದ್ದವಳು ನಾನು. ಒಬ್ಬರ ಮನಸ್ಸು ನೋಯದಿರಲೆಂದು ಇನ್ನೊಬ್ಬರು ಹೇಳಿದ ಸುಳ್ಳನ್ನು ಎರಡೂ ಕಡೆಯಿಂದ ಹಿಡಿದುಕೊಂಡು ನಿಂತೆ.

ಮುಂದಿನ ವರ್ಷಗಳಲ್ಲಿ ಅವ್ವ ಬಂದಾಗಲೆಲ್ಲ ಪಾಪಾತ್ತಿಯ ಕೋಳಿಗಳು ನಮ್ಮ ನುಗ್ಗೆ ಮರದ ಕೆಳಗೆ ಬಂದು ಕೂರುತ್ತಿದ್ದವು. ಅವ್ವ ಪ್ರತಿ ಸಲ ರಾಗಿ ತರುತ್ತಿದ್ದಳು. ಬರಬರುತ್ತಾ ಆ ಕೋಳಿಗಳಿಗೂ ಈ ನಾಟಕ ಅಭ್ಯಾಸವಾಗಿ, ದಾರ ಕಟ್ಟುವ ಮುಂಚೆಯೇ ಬಂದು ನಿಲ್ಲುತ್ತಿದ್ದವು. ಒಂದು ವರ್ಷ ಪಾಪಾತ್ತಿಯ ಅಳಿಯ ಬಂದ ಸಂದರ್ಭದಲ್ಲಿ ಅವುಗಳಲ್ಲೊಂದು ಸಾರಾಯಿತು. ಅತ್ತೆ ಅದಕ್ಕೂ ಒಂದು ನರಿಯ ಕಥೆ ಹೇಳಿದರು, ಅವ್ವ ಲೊಚಗುಟ್ಟಿದಳು. ಮೊದಲಿನಂತೆ ಇಬ್ಬರೂ ಮೈಮರೆತು ಕೋಳಿಯ ಮಾತಾಡುವುದು ಮಾತ್ರ ನಿಂತುಹೋಗಿತ್ತು. ಆ ವಿಷಯ ಹತ್ತಿರ ಬಂದರೆ ಇಬ್ಬರೂ ಮಳೆಗೋ ಬೆಳೆಗೋ ಹಾರುತ್ತಿದ್ದರು. ಅವ್ವ ಊರಲ್ಲಿ ಮತ್ತೆ ಕೋಳಿ ಸಾಕಿದಳು. ಅತ್ತೆ ಸಾಕಲಿಲ್ಲ. ಇವರು ಪಣ್ಣೆಯಿಂದ ಮರಿ ತರುತ್ತೇನೆಂದರೂ ಬೇಡ ಎಂದರು. ಗೂಡಿನಲ್ಲಿ ಸೌದೆ ತುಂಬಿದೆವು.

ಆ ದಶಕ ಮುಗಿಯುವುದರೊಳಗೆ ಅವ್ವ ತೀರಿಕೊಂಡಳು. ತಿಥಿಗೆ ಅತ್ತೆಯೂ ಬಂದರು, ಆ ವಯಸ್ಸಿನಲ್ಲಿ ಮೂರ್ಮೂರು ಬಸ್ಸು ಹತ್ತಿ. ಊಟ ಮುಗಿದು ಜನ ಕರಗಿದ ಮೇಲೆ ಹಿತ್ತಲ ಮೆಟ್ಟಿಲಲ್ಲಿ ಒಬ್ಬರೇ ಕೂತಿದ್ದರು. ಅವ್ವನ ಕೋಳಿಗಳು ಅವರ ಸುತ್ತ ಎಲೆಯ ಅಗುಳು ಹೆಕ್ಕುತ್ತಿದ್ದವು. ನಾನು ಹೋಗಿ ಪಕ್ಕದಲ್ಲಿ ಕೂತೆ.

"ಅಮ್ಮಿಣಿ, ನಿಮ್ಮವ್ವನ ಹತ್ರ ಒಂದು ಪೊಯ್ಯಿ ಹೇಳ್ಬುಟ್ಟೆ" ಎಂದರು. ಪೊಯ್ಯಿ ಎಂದರೆ ಸುಳ್ಳು. "ಇಷ್ಟು ವರ್ಷ ಆಯ್ತು. ಒಂದ್ ದಿವ್ಸ ಹೇಳ್ಬೇಕು ಹೇಳ್ಬೇಕು ಅಂತ ಇದ್ದೆ."

ಇನ್ನು ಯಾರ ಮನಸ್ಸು ಕಾಯಬೇಕಾಗಿತ್ತು? ನಾನು ಹೇಳಿದೆ: "ಅವ್ವನಿಗೆ ಗೊತ್ತಿತ್ತು ಅತ್ತೆ. ಮೊದಲ ಸಲವೇ ಗೊತ್ತಾಗಿತ್ತು. ದೀಪಾವಳಿ ಕಳೆದ ಆ ವಾರ ಇಲ್ಲಿಯೂ ಎಲ್ಲ ಕೋಳಿ ಸತ್ತಿದ್ದವು. ನಿಮಗೆ ಹೇಳಬೇಡ ಅಂದಿದ್ದಳು."

ಅವರು ಸಿಟ್ಟಾಗುತ್ತಾರೋ ನಗುತ್ತಾರೋ ಎಂದು ನೋಡಿದೆ. ಎರಡೂ ಆಗಲಿಲ್ಲ. ಎದುರಿನ ಗೂಡನ್ನೇ ನೋಡುತ್ತಾ, "ಇಲ್ಲೂ ಹೋಗಿತ್ತಾ" ಎಂದರು. ಆಮೇಲೆ, "ಒಂದ್ ಮಾತು ಹೇಳ್ಬೌದಿತ್ತಲ್ಲ ಅಮ್ಮಿಣಿ. ನಾವಿಬ್ರೂ ಒಟ್ಟಿಗೆ ಕೂತು ಅತ್ತಿರ್ತಿದ್ವಿ" ಎಂದರು.

ಮರುದಿನ ಘಾಟಿ ಇಳಿಯುವ ಬಸ್ಸಿನಲ್ಲಿ ಅತ್ತೆ ಕರುಪ್ಪಿಯ ಕಥೆ ಹೇಳಲು ಶುರುಮಾಡಿದರು. ಅದು ಮರಿಯಾಗಿದ್ದಾಗ ಹದ್ದಿನ ಬಾಯಿಂದ ಬಿದ್ದು ಸಿಕ್ಕಿದ್ದು, ಮೊದಲ ಮೊಟ್ಟೆಯನ್ನು ಮಾವನವರ ಟವೆಲ್ಲಿನ ಮೇಲೆ ಇಟ್ಟದ್ದು, ಕಾವು ಕೂತಾಗ ಹಾವನ್ನು ಓಡಿಸಿದ್ದು, ಕೊನೆಯ ದಿನ ನೀರು ಬೇಡವೆಂದು ಕೊಕ್ಕು ತಿರುಗಿಸಿದ್ದು. ಹೇಳುತ್ತಾ ಹೇಳುತ್ತಾ ಅತ್ತರು, ಇಷ್ಟು ವರ್ಷಗಳಲ್ಲಿ ಮೊದಲ ಸಲ. ಸತ್ಯಮಂಗಲ ಬರುವ ತನಕವೂ ಹೇಳಿದರು. ನಾನು ಅವರ ಕೈ ಹಿಡಿದುಕೊಂಡು ಹೂಂಗುಟ್ಟಿದೆ. ಆದರೆ ಕೋಳಿಯ ಕಥೆಗೆ ಎಲ್ಲಿ ಹೂಂ ಎನ್ನಬೇಕು, ಎಲ್ಲಿ ಅಯ್ಯೋ ಎನ್ನಬೇಕು ಎಂದು ಬಲ್ಲವಳು ನಾನಲ್ಲ. ಬಲ್ಲವಳ ತಿಥಿಯ ಊಟ ಉಂಡು ನಾವಿಬ್ಬರೂ ಮನೆಗೆ ಹೋಗುತ್ತಿದ್ದೆವು.